ಚಿಪ್‌ಸೆಟ್ ಆರಿಸುವ ಮೊದಲು ಲೇನ್ ಎಣಿಸಿ

"ಬಿ650 ಸಾಕಾ, ಇಲ್ಲ ಎಕ್ಸ್870 ಬೇಕಾ?" ಹೊಸ ಡೆಸ್ಕ್‌ಟಾಪ್ ಜೋಡಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಬಿ650, ಎಕ್ಸ್870 ಎರಡೂ ಎಎಂಡಿ ಕಂಪನಿಯ ಚಿಪ್‌ಸೆಟ್‌ಗಳು, ಅಂದರೆ ಮದರ್‌ಬೋರ್ಡಿನಲ್ಲಿ ಪೋರ್ಟು, ಸ್ಲಾಟುಗಳನ್ನು ನಡೆಸುವ ಚಿಪ್‌ಗಳು. ಇದಕ್ಕೆ ನೇರ ಉತ್ತರ ಕೊಡಲು ಆಗುವುದಿಲ್ಲ. ಯಾಕೆಂದರೆ ಚಿಪ್‌ಸೆಟ್‌ನ ಹೆಸರು ಹೇಳುವುದು ಗರಿಷ್ಠ ಎಷ್ಟು ಸಿಗಬಹುದು ಅನ್ನುವುದನ್ನು ಮಾತ್ರ. ನಿಮ್ಮ ಕೈಗೆ ಬರುವ ಬೋರ್ಡ್‌ನಲ್ಲಿ ಅದರಲ್ಲಿ ಎಷ್ಟಿದೆ ಅನ್ನುವುದು ಬೋರ್ಡ್ ತಯಾರಿಸಿದವರ ಕೈಯಲ್ಲಿದೆ. ಒಂದೇ ಬಿ650 ಹೆಸರಿನಲ್ಲಿ ಹೀಟ್‌ಸಿಂಕ್ ಇಲ್ಲದ ಬರಿಮೈ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ಭಾಗ) ಇರುವ ಅಗ್ಗದ ಬೋರ್ಡೂ ಉಂಟು, ಕೆಲವು ಎಕ್ಸ್ ಬೋರ್ಡುಗಳನ್ನೂ ಮೀರಿಸುವ ಬೋರ್ಡೂ ಉಂಟು. ಹಾಗಾಗಿ ಮೊದಲು ಪ್ರೊಸೆಸರ್ ಯಾವುದು ಅಂತ ತೀರ್ಮಾನಿಸಿ. ಆಮೇಲೆ ಏನೇನು ಸಿಕ್ಕಿಸುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಚಿಪ್‌ಸೆಟ್‌ನ ಸರದಿ ಬರುವುದು ಅದಾದ ಮೇಲೆ.

ಪ್ರೊಸೆಸರ್‌ನಿಂದ ಬರುವುದು, ಚಿಪ್‌ಸೆಟ್‌ನಿಂದ ಬರುವುದು

ಇದೊಂದು ಅರ್ಥವಾದರೆ ಅರ್ಧ ಗೊಂದಲ ಕಳೆಯಿತು. ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್, ಎಸ್‌ಎಸ್‌ಡಿ ಕೂರುವ ಮೊದಲನೇ ಎಂ.2 ಸ್ಲಾಟ್, ರ‍್ಯಾಮ್ ಇವೆಲ್ಲ ಸಾಮಾನ್ಯವಾಗಿ ನೇರವಾಗಿ ಪ್ರೊಸೆಸರ್‌ಗೆ ಸೇರಿರುತ್ತವೆ. ಅವುಗಳ ಡೇಟಾ ಚಿಪ್‌ಸೆಟ್ ಮೂಲಕ ಹಾದುಹೋಗುವುದಿಲ್ಲ. ಚಿಪ್‌ಸೆಟ್ ಕೊಡುವುದು ಮಿಕ್ಕಿದ್ದನ್ನು: ಹೆಚ್ಚುವರಿ ಎಂ.2, ಸಾಟಾ (ಹಾರ್ಡ್ ಡಿಸ್ಕ್‌ನ ಕೇಬಲ್ ಸೇರುವ ಪೋರ್ಟ್), ಬಹುಪಾಲು ಯುಎಸ್‌ಬಿ, ನೆಟ್‌ವರ್ಕ್, ಕೆಳಗಿನ ಸಣ್ಣ ಸ್ಲಾಟ್‌ಗಳು. ಜೊತೆಗೆ ಯಾವ ಸೌಲಭ್ಯ ತೆರೆದಿರಬೇಕು, ಯಾವುದಕ್ಕೆ ಬೀಗ ಹಾಕಬೇಕು ಅನ್ನುವುದೂ ಚಿಪ್‌ಸೆಟ್‌ನ ದರ್ಜೆಯ ಮೇಲೆ ನಿಂತಿದೆ. ಓವರ್‌ಕ್ಲಾಕಿಂಗ್, ಅಂದರೆ ನಿಗದಿತ ವೇಗ ಮೀರಿ ಓಡಿಸುವುದು, ಅಂಥದ್ದು. ಕೆಳದರ್ಜೆಯ ಚಿಪ್‌ಸೆಟ್‌ಗಳು ಪ್ರೊಸೆಸರ್‌ಗೆ ಸೇರಿದ ಸ್ಲಾಟ್‌ಗಳಿಗೂ ಮಿತಿ ಹಾಕುವುದುಂಟು.

ಎಎಂಡಿಯ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ತೆಗೆದುಕೊಳ್ಳಿ. ರೈಜನ್ 7000 ಮತ್ತು 9000 ಸರಣಿಯ ಮುಖ್ಯ ಪ್ರೊಸೆಸರ್‌ಗಳಲ್ಲಿ 28 ಪಿಸಿಐಇ ಲೇನ್ ಇವೆ. ಲೇನ್ ಅಂದರೆ ಡೇಟಾ ಓಡಾಡುವ ಒಂದೊಂದು ದಾರಿ; ಪಿಸಿಐಇ ಮುಂದಿನ 3.0, 4.0, 5.0 ಅನ್ನುವವು ಅದರ ಪೀಳಿಗೆಗಳು, ಅಂಕಿ ಹೆಚ್ಚಿದಷ್ಟೂ ವೇಗ ಹೆಚ್ಚು. 4 ಲೇನ್ ಚಿಪ್‌ಸೆಟ್‌ಗೆ ಹೋಗುತ್ತವೆ. ಉಳಿದ 24ರಲ್ಲಿ 16 ಗ್ರಾಫಿಕ್ಸ್ ಕಾರ್ಡಿಗೆ, 4 ಮೊದಲ ಎಂ.2ಗೆ, ಇನ್ನು 4 ಎರಡನೇ ಎಂ.2ಗೋ ಅತಿವೇಗದ ಯುಎಸ್‌ಬಿ4 ಪೋರ್ಟಿಗೋ ಬೋರ್ಡಿನವರ ಇಷ್ಟ. ಪ್ರೊಸೆಸರ್ ಮತ್ತು ಚಿಪ್‌ಸೆಟ್ ನಡುವಿನ ಕೊಂಡಿ ಪಿಸಿಐಇ 4.0ರ 4 ಲೇನ್, ಅಂದರೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್. ಚಿಪ್‌ಸೆಟ್ ಕೆಳಗಿರುವ ಎಲ್ಲವೂ ಈ 8 ಗಿಗಾಬೈಟನ್ನೇ ಹಂಚಿಕೊಳ್ಳಬೇಕು. ಸೆಕೆಂಡಿಗೆ 7 ಗಿಗಾಬೈಟ್ ಓದುವ ಒಂದು ಎಸ್‌ಎಸ್‌ಡಿ ಅಲ್ಲಿ ಆರಾಮವಾಗಿ ಓಡುತ್ತದೆ. ಅಂಥ ಎರಡನ್ನು ಒಟ್ಟಿಗೆ ದುಡಿಸಿದರೆ ಎರಡಕ್ಕೂ ಪೂರ್ತಿ ವೇಗ ಸಿಗುವುದಿಲ್ಲ.

ಎಕ್ಸ್670 ಮತ್ತು ಬಿ650ರ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಬಿ650ಯಲ್ಲಿ ಪ್ರೊಮಾಂಟರಿ 21 ಅನ್ನುವ ಒಂದು ಚಿಪ್ ಇದೆ. ಎಕ್ಸ್670ರಲ್ಲಿ ಅದೇ ಚಿಪ್ ಎರಡಿದೆ, ಎರಡನೆಯದು ಮೊದಲನೆಯದರ ಬೆನ್ನಿಗೆ ಸೇರಿಕೊಂಡಿದೆ. ಪೋರ್ಟ್‌ಗಳು ಜಾಸ್ತಿಯಾಗುತ್ತವೆ, ಆದರೆ ಪ್ರೊಸೆಸರ್‌ಗೆ ಹೋಗುವ ಕೊಂಡಿ ಅದೇ 4 ಲೇನ್. ಮನೆಗೆ ಇನ್ನೆರಡು ಕೋಣೆ ಕಟ್ಟಿಸಿ ಹೊರಬಾಗಿಲು ಒಂದೇ ಉಳಿಸಿಕೊಂಡ ಹಾಗೆ. ನಾಲ್ಕೈದು ಎಂ.2, ಆರೆಂಟು ಸಾಟಾ ಡ್ರೈವ್, ವಿಡಿಯೊ ಹಿಡಿಯುವ ಕ್ಯಾಪ್ಚರ್ ಕಾರ್ಡ್ ಎಲ್ಲ ಬೇಕಾದವರಿಗೆ ಈ ಕೋಣೆಗಳು ಬೇಕು. ಒಂದು ಗ್ರಾಫಿಕ್ಸ್ ಕಾರ್ಡ್, ಎರಡು ಎಸ್‌ಎಸ್‌ಡಿ ಹಾಕುವವರಿಗೆ ಇದು ಸುಮ್ಮನೆ ಖರ್ಚು. ಆಟದಲ್ಲಿ ಇದರಿಂದ ಒಂದು ಫ್ರೇಮ್ ಕೂಡ ಹೆಚ್ಚಾಗುವುದಿಲ್ಲ.

ಹೆಸರುಗಳ ಗೋಜಲು

2024ರ ಸೆಪ್ಟೆಂಬರ್ ಕೊನೆಗೆ ಎಕ್ಸ್870 ಮತ್ತು ಎಕ್ಸ್870ಇ ಬಂದವು, 2025ರ ಆರಂಭದಲ್ಲಿ ಬಿ850 ಮತ್ತು ಬಿ840. ಅಂಕಿ ದೊಡ್ಡದಾದರೆ ಚಿಪ್ ಹೊಸದು ಅಂದುಕೊಳ್ಳಬೇಡಿ. ಎಕ್ಸ್870ರಲ್ಲಿ ಇರುವುದು ಅದೇ ಪ್ರೊಮಾಂಟರಿ 21, ಅದೂ ಒಂದೇ. ಅಂದರೆ ಇದು ಎಕ್ಸ್670ರ ಉತ್ತರಾಧಿಕಾರಿಯಲ್ಲ. ಬಿ650ಇ (ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 5.0 ಇರುವ ಬಿ650) ಬೋರ್ಡಿಗೆ ಯುಎಸ್‌ಬಿ4 ಕಡ್ಡಾಯವಾಗಿ ಸೇರಿಸಿದರೆ ಏನಾಗುತ್ತದೋ ಅದು. ಎರಡು ಚಿಪ್ ಇರುವುದು ಎಕ್ಸ್870ಇಯಲ್ಲಿ.

ಆ ಯುಎಸ್‌ಬಿ4ಗೂ ಬೆಲೆ ತೆರಬೇಕು. ಅದು ಪ್ರೊಸೆಸರ್‌ನ ಆ ಕೊನೆಯ 4 ಲೇನ್‌ಗಳನ್ನು ನುಂಗುತ್ತದೆ. ಹಾಗಾಗಿ ಹಲವು ಎಕ್ಸ್870 ಬೋರ್ಡ್‌ಗಳಲ್ಲಿ ಎರಡನೇ ಎಂ.2 ತುಂಬಿದರೆ ಯುಎಸ್‌ಬಿ4 ಅರ್ಧ ವೇಗಕ್ಕೆ ಇಳಿಯುತ್ತದೆ. ಇನ್ನು ಕೆಲವದರಲ್ಲಿ ಗ್ರಾಫಿಕ್ಸ್ ಸ್ಲಾಟ್ 16ರಿಂದ 8 ಲೇನ್‌ಗೆ ಇಳಿಯುತ್ತದೆ. ಯುಎಸ್‌ಬಿ4 ಡ್ರೈವ್ ಅಥವಾ ಡಾಕ್ ನಿಮ್ಮ ಹತ್ತಿರ ಇಲ್ಲದಿದ್ದರೆ, ಬಳಸದ ಪೋರ್ಟಿಗಾಗಿ ಬಳಸುವ ಸ್ಲಾಟನ್ನು ಬಿಟ್ಟುಕೊಟ್ಟ ಹಾಗಾಗುತ್ತದೆ. ಅಂಥವರಿಗೆ ಬಿ850 ಅಥವಾ ಬಿ650 ಹೆಚ್ಚು ಒಪ್ಪುತ್ತದೆ.

ಬಿ840 ಬಗ್ಗೆ ಎಚ್ಚರವಿರಲಿ. ಹೆಸರು ಬಿ650ಯ ಅಣ್ಣನ ಹಾಗಿದೆ, ಕೆಲಸ ಎಎಂ5ರ ಅಗ್ಗದ ಚಿಪ್‌ಸೆಟ್ ಎ620ರ ಸಾಲಿನದು. ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ, ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 4.0, ಚಿಪ್‌ಸೆಟ್ ಕೊಡುವ ಲೇನ್‌ಗಳು 3.0. ಬೆಲೆ ಎ620ರ ಹತ್ತಿರ ಇದ್ದರೆ ಅಡ್ಡಿಯಿಲ್ಲ. ಬಿ650ಯ ಬೆಲೆಗೆ ಮಾರುತ್ತಿದ್ದರೆ ಮುಟ್ಟಬೇಡಿ.

ಎ620ನ್ನೂ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ರ‍್ಯಾಮ್‌ಗೆ ಎಕ್ಸ್‌ಪೋ ಪ್ರೊಫೈಲ್ (ಡಬ್ಬದ ಮೇಲೆ ಬರೆದ ವೇಗಕ್ಕೆ ಓಡಿಸುವ ಸಿದ್ಧ ಹೊಂದಿಕೆ) ಅದರಲ್ಲಿ ಓಡುತ್ತದೆ. ರೈಜನ್ 5 7600 ಥರದ 65 ವ್ಯಾಟ್ ಪ್ರೊಸೆಸರ್, ಒಂದು ಎಸ್‌ಎಸ್‌ಡಿ, ಒಂದು ಮಧ್ಯಮ ಗ್ರಾಫಿಕ್ಸ್ ಕಾರ್ಡ್ ಇಷ್ಟೇ ಆದರೆ ಅದು ಸಾಕು. ತೊಂದರೆ ಶುರುವಾಗುವುದು ಮೂರು ವರ್ಷದ ನಂತರ ಅದೇ ಬೋರ್ಡಿಗೆ 12 ಅಥವಾ 16 ಕೋರ್‌ನ ಪ್ರೊಸೆಸರ್ ಹಾಕಹೊರಟಾಗ. ಎಎಂ5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುತ್ತೇವೆ ಎಂದು ಎಎಂಡಿ ಹೇಳಿದೆ. ಆ ಮಾತಿನ ಲಾಭ ಪಡೆಯಬೇಕೆಂದರೆ ಬೋರ್ಡಿನ ವಿದ್ಯುತ್ ವ್ಯವಸ್ಥೆ ಇವತ್ತಿನ ಪ್ರೊಸೆಸರ್‌ಗಿಂತ ಒಂದು ಮೆಟ್ಟಿಲು ಮೇಲಿರಬೇಕು.

ಇಂಟೆಲ್ ಕಡೆ

ಇಲ್ಲಿ ಲೆಕ್ಕ ಸ್ವಲ್ಪ ಬೇರೆ. 12, 13, 14ನೇ ಪೀಳಿಗೆಗೆ ಎಲ್‌ಜಿಎ1700 ಸಾಕೆಟ್; ಚಿಪ್‌ಸೆಟ್‌ಗಳು ಎಚ್610, ಬಿ660, ಬಿ760, ಝಡ್690, ಝಡ್790. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ1851. ಚಿಪ್‌ಸೆಟ್‌ಗಳು ಎಚ್810, ಬಿ860, ಝಡ್890. ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೂರುವುದಿಲ್ಲ.

ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು ಝಡ್ ಬೇಕೇ ಬೇಕು, ಜೊತೆಗೆ ಹೆಸರಲ್ಲಿ 'ಕೆ' ಇರುವ ಪ್ರೊಸೆಸರ್ ಬೇಕು. ಐ5-12400ಎಫ್ ತಂದು ಝಡ್790ರಲ್ಲಿ ಹಾಕಿದರೆ ಆ ದುಡ್ಡು ಬೀಗದ ಹಿಂದೆಯೇ ಉಳಿಯುತ್ತದೆ. ಝಡ್‌ನ ಇನ್ನೊಂದು ನಿಜವಾದ ಲಾಭ, ಚಿಪ್‌ಸೆಟ್ ಕೊಂಡಿ ಬಿ760ರಲ್ಲಿ 4 ಲೇನ್ ಇದ್ದರೆ ಝಡ್790ರಲ್ಲಿ 8 ಲೇನ್. ಹಲವು ಎಸ್‌ಎಸ್‌ಡಿಗಳ ನಡುವೆ ದೊಡ್ಡ ವಿಡಿಯೊ ಫೈಲ್‌ಗಳನ್ನು ಓಡಾಡಿಸುವವರಿಗೆ ಇದು ಕೆಲಸಕ್ಕೆ ಬರುತ್ತದೆ.

ಎಚ್610 ಅಂಗಡಿಗಳಲ್ಲಿ ತುಂಬ ಓಡುವ ಬೋರ್ಡ್, ಯಾಕೆಂದರೆ ಅಗ್ಗ. ಅದರಲ್ಲಿ ಏನಿಲ್ಲ ಅಂತ ತಿಳಿದು ಕೊಳ್ಳಿ. ರ‍್ಯಾಮ್ ಸ್ಲಾಟ್ ಎರಡೇ. ರ‍್ಯಾಮ್ ಓವರ್‌ಕ್ಲಾಕ್ ಇಲ್ಲ, ಆದ್ದರಿಂದ 3600ರ ಡಿಡಿಆರ್4 ತಂದರೂ ಅದು 3200ರಲ್ಲೇ ಓಡುತ್ತದೆ. ಪ್ರೊಸೆಸರ್‌ನಿಂದ ನೇರ ಬರಬೇಕಾದ ಎಂ.2 ಲೇನ್‌ಗಳನ್ನು ಈ ಚಿಪ್‌ಸೆಟ್ ತೆರೆಯುವುದಿಲ್ಲ. ಎಂ.2 ಚಿಪ್‌ಸೆಟ್‌ನಿಂದ ಪಿಸಿಐಇ 3.0ರಲ್ಲಿ ಬರುತ್ತದೆ. ಸೆಕೆಂಡಿಗೆ 7000 ಮೆಗಾಬೈಟ್ ಓದುವ ಎಸ್‌ಎಸ್‌ಡಿ ಅಲ್ಲಿ 3500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಚೇರಿ ಕೆಲಸ, ಲೆಕ್ಕಪತ್ರ, ಮಕ್ಕಳ ಓದಿಗೆ ಇದು ಕೊರತೆಯೇ ಅಲ್ಲ. ಆದರೆ ದುಬಾರಿ ರ‍್ಯಾಮ್, ದುಬಾರಿ ಎಸ್‌ಎಸ್‌ಡಿ ಕೊಂಡು ಎಚ್610ಗೆ ಜೋಡಿಸುವುದು ಬೇಡ.

ಎಲ್‌ಜಿಎ1700ರಲ್ಲಿ ಇನ್ನೊಂದು ಬಲೆ ರ‍್ಯಾಮ್‌ನದು. ಒಂದೇ ಹೆಸರಿನ ಬಿ760 ಬೋರ್ಡು ಡಿಡಿಆರ್4ಗೂ ಸಿಗುತ್ತದೆ, ಡಿಡಿಆರ್5ಗೂ ಸಿಗುತ್ತದೆ. ಸಾಮಾನ್ಯವಾಗಿ ಹೆಸರಿನ ಬಾಲದಲ್ಲಿ 'ಡಿ4' ಅಥವಾ 'ಡಿಡಿಆರ್4' ಅಂತ ಇದ್ದರೆ ಮೊದಲನೆಯದು. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ. ಎಎಂ5 ಮತ್ತು ಎಲ್‌ಜಿಎ1851ರಲ್ಲಿ ಈ ತಲೆನೋವಿಲ್ಲ, ಡಿಡಿಆರ್5 ಮಾತ್ರ.

13 ಅಥವಾ 14ನೇ ಪೀಳಿಗೆಯ ಐ7, ಐ9 ಅಥವಾ ಕೆ ಸರಣಿಯ ಐ5 ಹಾಕುವವರು ಬಯಾಸ್ (ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ) ಅಪ್‌ಡೇಟ್ ಮಾಡದೆ ದಿನಬಳಕೆ ಶುರು ಮಾಡಬೇಡಿ. ಹೆಚ್ಚಿನ ವೋಲ್ಟೇಜ್‌ನಿಂದ ಈ ಪ್ರೊಸೆಸರ್‌ಗಳು ಕ್ರಮೇಣ ಹಾಳಾಗುತ್ತಿದ್ದವು. ಅದಕ್ಕೆ ಇಂಟೆಲ್ 2024ರಲ್ಲಿ ಬಯಾಸ್ ಮೂಲಕ ಬರುವ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ಪರಿಹಾರ ಕೊಟ್ಟಿತು, ಆ ಸೆಪ್ಟೆಂಬರಿನಲ್ಲಿ ಬಂದದ್ದು 0ಎಕ್ಸ್12ಬಿ ಆವೃತ್ತಿ. ಆ ಪರಿಹಾರ ಹೊಸ ಹಾನಿಯನ್ನು ತಡೆಯುತ್ತದೆ, ಆಗಲೇ ಆದ ಹಾನಿಯನ್ನು ಸರಿಪಡಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೆನಪಿಡಬೇಕು.

ಚಿಪ್‌ಸೆಟ್‌ಗಿಂತ ಹೆಚ್ಚು ನೋಡಬೇಕಾದದ್ದು ವಿಆರ್‌ಎಂ

ಪ್ರೊಸೆಸರ್ ಸುತ್ತ ಸಾಲಾಗಿ ನಿಂತ ಚೌಕಾಕಾರದ ಕಾಯಿಲ್‌ಗಳು, ಅವುಗಳ ಪಕ್ಕದ ಮಾಸ್‌ಫೆಟ್‌ಗಳು: ಇದೇ ವಿಆರ್‌ಎಂ. ಪವರ್ ಸಪ್ಲೈನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವುದು ಇದರ ಕೆಲಸ. ವೋಲ್ಟೇಜ್ ಇಳಿದಷ್ಟೂ ಕರೆಂಟ್ ಏರುತ್ತದೆ. ನೂರು ವ್ಯಾಟ್ ಎಂದರೆ ಸುಮಾರು ನೂರು ಆಂಪಿಯರ್. ಆ ಕೆಲಸದಲ್ಲಿ ಹುಟ್ಟುವ ಶಾಖವನ್ನು ಹೀಟ್‌ಸಿಂಕ್ ಹೊರಹಾಕದಿದ್ದರೆ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್‌ನ ವೇಗ ಇಳಿಸುತ್ತದೆ. ಆಗ ಪ್ರೊಸೆಸರ್‌ನ ತಾಪಮಾನ 70 ಡಿಗ್ರಿ ಅಂತ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೆ ರೆಂಡರ್ ಮಾತ್ರ ನಿಧಾನ. ಎಷ್ಟೋ ಜನ ಕೂಲರ್ ಬದಲಾಯಿಸಿ ಸೋಲುವುದು ಇಲ್ಲೇ.

ಡಬ್ಬದ ಮೇಲಿನ ಟಿಡಿಪಿಯನ್ನು (ತಯಾರಕರು ಬರೆಯುವ ವ್ಯಾಟ್ ಅಂಕಿ) ನಂಬಿ ಲೆಕ್ಕ ಹಾಕಬೇಡಿ. ಎಎಂ5ರಲ್ಲಿ 65 ವ್ಯಾಟ್ ಅಂತ ಬರೆದ ಪ್ರೊಸೆಸರ್ 88 ವ್ಯಾಟ್‌ವರೆಗೆ ಎಳೆಯುತ್ತದೆ, 120ರದ್ದು 162, 170ರದ್ದು 230. ಐ5-12400 ಸ್ವಲ್ಪ ಹೊತ್ತು 117 ಮುಟ್ಟುತ್ತದೆ. ಐ7-14700ಕೆ 253. 88 ವ್ಯಾಟ್‌ಗೆ ಹೀಟ್‌ಸಿಂಕ್ ಇರುವ ಯಾವ ಮಧ್ಯಮ ಬೋರ್ಡಾದರೂ ಸಾಕು. 162ಕ್ಕೆ ವಿಆರ್‌ಎಂನ ಎರಡೂ ಬದಿ ದಪ್ಪ ಹೀಟ್‌ಸಿಂಕ್ ಇರಲಿ. 230ರ ಮೇಲೆ ಹೋದರೆ ಬೋರ್ಡಿನ ತಾಪಮಾನ ಅಳೆದು ತೋರಿಸಿದ ವಿಮರ್ಶೆ ಓದದೆ ಕೊಳ್ಳಬೇಡಿ. '12+2' ಥರದ ಫೇಸ್‌ಗಳ (ಕರೆಂಟನ್ನು ಹಂಚಿಕೊಳ್ಳುವ ವಿಆರ್‌ಎಂ ಘಟಕಗಳ) ಅಂಕಿಗಳಷ್ಟೇ ಸಾಲದು, ಒಂದೊಂದು ಫೇಸ್ ಎಷ್ಟು ಆಂಪಿಯರ್‌ನದು ಅನ್ನುವುದೂ ಮುಖ್ಯ. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುತ್ತದೆ. ವಿಮರ್ಶೆ ಮಾಡಿದ ಕೋಣೆ ಸಾಮಾನ್ಯವಾಗಿ 22–25. ಆ ಹದಿನೈದು ಡಿಗ್ರಿಯ ವ್ಯತ್ಯಾಸವನ್ನು ಅವರು ತೋರಿಸಿದ ಅಂಕಿಗೆ ನೇರವಾಗಿ ಕೂಡಿಸಿಕೊಳ್ಳಿ.

ಮ್ಯಾನುಯಲ್ ಓದುವ ಬಗೆ

ಬೋರ್ಡ್ ಕೊಳ್ಳುವ ಮುಂಚೆಯೇ ತಯಾರಕರ ಜಾಲತಾಣದಿಂದ ಅದರ ಮ್ಯಾನುಯಲ್ ಇಳಿಸಿಕೊಳ್ಳಿ. ನೂರು ಪುಟ ಓದಬೇಕಿಲ್ಲ. ಆರಂಭದ ವಿಶೇಷಣಗಳ ಪಟ್ಟಿಯಲ್ಲಿ 'ಸ್ಟೋರೇಜ್' ಮತ್ತು 'ಎಕ್ಸ್‌ಪ್ಯಾನ್ಶನ್ ಸ್ಲಾಟ್ಸ್' ಅನ್ನುವ ಎರಡು ಭಾಗ, ಅವುಗಳ ಕೆಳಗೆ ನಕ್ಷತ್ರ ಚಿಹ್ನೆ ಹಾಕಿ ಸಣ್ಣಕ್ಷರದಲ್ಲಿ ಬರೆದಿರುವ ಸಾಲುಗಳು, ಇವಿಷ್ಟು ಸಾಕು. ನಿಜ ಇರುವುದು ಆ ಸಣ್ಣಕ್ಷರದಲ್ಲಿ. ಬ್ಲಾಕ್ ಡಯಾಗ್ರಾಂ ಕೊಟ್ಟಿದ್ದರೆ ಇನ್ನೂ ಸುಲಭ. ಯಾವ ಗೆರೆ ಪ್ರೊಸೆಸರ್‌ನಿಂದ ಹೊರಟಿದೆ, ಯಾವುದು ಚಿಪ್‌ಸೆಟ್‌ನಿಂದ ಅಂತ ಬೆರಳಿಟ್ಟು ನೋಡಬಹುದು.

ನೋಡಬೇಕಾದದ್ದು ಇಂಥವು. ಮೂರನೇ ಎಂ.2 ತುಂಬಿದರೆ ಯಾವ ಸಾಟಾ ಪೋರ್ಟ್ ಸಾಯುತ್ತದೆ? ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಹಳೆ ಹಾರ್ಡ್ ಡಿಸ್ಕ್ ಕಾಣೆಯಾದರೆ, ಡಿಸ್ಕ್ ಕೆಟ್ಟಿತು ಅಂತ ಗಾಬರಿಯಾಗುವ ಮೊದಲು ಕೇಬಲನ್ನು ಬೇರೆ ಪೋರ್ಟಿಗೆ ಬದಲಾಯಿಸಿ. ಎಂ.2 ಸ್ಲಾಟ್ ಸಾಟಾ ಮಾದರಿಯ ಎಂ.2 ಕಡ್ಡಿಯನ್ನೂ ಒಪ್ಪುತ್ತದೆಯೋ, ಪಿಸಿಐಇ ಬಳಸುವ ಎನ್‌ವಿಎಂಇ ಮಾತ್ರವೋ? ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಸಾಟಾ ಎಂ.2 ಹಲವು ಹೊಸ ಬೋರ್ಡುಗಳಲ್ಲಿ ಕಾಣಿಸುವುದೇ ಇಲ್ಲ. ಎರಡನೇ ಉದ್ದ ಸ್ಲಾಟ್ ನೋಡಲು 16 ಲೇನ್‌ನಷ್ಟು ಉದ್ದವಿದ್ದರೂ ಒಳಗೆ 4 ಲೇನ್ ಇದೆಯೋ, 1 ಮಾತ್ರವೋ? ಕ್ಯಾಪ್ಚರ್ ಕಾರ್ಡ್ ಅಥವಾ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಹಾಕುವವರಿಗೆ ಇದೇ ನಿರ್ಣಾಯಕ. ನಿಮ್ಮ ಕ್ಯಾಬಿನೆಟ್ಟಿನ ಮುಂದೆ ಟೈಪ್-ಸಿ ಪೋರ್ಟ್ ಇದ್ದರೆ ಬೋರ್ಡಿನಲ್ಲಿ ಅದಕ್ಕೆ ಹೆಡರ್ (ಅದರ ಕೇಬಲ್ ಸಿಕ್ಕಿಸುವ ಜಾಗ) ಇದೆಯೋ? ಅಗ್ಗದ ಬೋರ್ಡುಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಅದೇ ಪಟ್ಟಿಯಲ್ಲಿ ಇನ್ನೊಂದು ಮಾತು ಸಿಗುತ್ತದೆ: ಸ್ಲಾಟಿನ ವೇಗ ಪ್ರೊಸೆಸರ್ ಅವಲಂಬಿಸಿ ಬದಲಾಗುತ್ತದೆ ಅಂತ. ಇದನ್ನು ಓದದೆ ಪೇಚಿಗೆ ಸಿಕ್ಕವರು ಬಹಳ. ರೈಜನ್ 5 8600ಜಿ, ರೈಜನ್ 7 8700ಜಿ ಹಾಕಿದರೆ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 4.0ರ 8 ಲೇನ್‌ಗೆ ಇಳಿಯುತ್ತದೆ. 8500ಜಿ ಹಾಕಿದರೆ ಬರೀ 4 ಲೇನ್, ಎರಡನೇ ಎಂ.2ಗೆ 2 ಲೇನ್. ಬೋರ್ಡು ಎಕ್ಸ್870ಇ ಆದರೂ ಅಷ್ಟೇ, ಯಾಕೆಂದರೆ ಆ ಲೇನ್‌ಗಳು ಪ್ರೊಸೆಸರ್‌ನಲ್ಲೇ ಇಲ್ಲ. ಈಗ ಒಳಗಿನ ಗ್ರಾಫಿಕ್ಸ್‌ನಲ್ಲೇ ಸುಧಾರಿಸಿಕೊಂಡು ಮುಂದೆ ಕಾರ್ಡ್ ಹಾಕುತ್ತೇನೆ ಅನ್ನುವವರು 8500ಜಿ ಬದಲು 7600 ತೆಗೆದುಕೊಳ್ಳುವುದು ಮೇಲು. ಅದರಲ್ಲೂ ಪರದೆಗೆ ಚಿತ್ರ ಕೊಡುವಷ್ಟು ಗ್ರಾಫಿಕ್ಸ್ ಇದೆ, 16 ಲೇನೂ ಇವೆ.

ಎಎಂ5ಗೆ ಮೊದಲಿನ ಸಾಕೆಟ್ ಎಎಂ4ರಲ್ಲೂ ಇದೇ ಕಥೆ. ಎ520 ಪೂರ್ತಿ ಪಿಸಿಐಇ 3.0. ಬಿ550ಯಲ್ಲಿ ಪ್ರೊಸೆಸರ್ ಲೇನ್‌ಗಳು 4.0. ಆದರೆ ರೈಜನ್ 5 5500 ಅಥವಾ 5700ಜಿ ಹಾಕಿದರೆ ಬಿ550ಯಲ್ಲೂ 3.0 ಮಾತ್ರ. ಆರ್‌ಎಕ್ಸ್ 6500 ಎಕ್ಸ್‌ಟಿ ಥರದ 4 ಲೇನ್ ಕಾರ್ಡಿಗೆ ಇದು ದೊಡ್ಡ ಪೆಟ್ಟು. ಆರ್‌ಟಿಎಕ್ಸ್ 4060 ಥರದ 8 ಲೇನ್ ಕಾರ್ಡಿಗೆ ಸಾಮಾನ್ಯವಾಗಿ ಅಷ್ಟು ತಟ್ಟುವುದಿಲ್ಲ, 8 ಗಿಗಾಬೈಟ್ ವಿಡಿಯೊ ಮೆಮೊರಿ ತುಂಬಿ ಚೆಲ್ಲುವ ಆಟಗಳಲ್ಲಿ ಮಾತ್ರ ಜರ್ಕ್ ಕಾಣುತ್ತದೆ. 16 ಲೇನ್‌ನ ಕಾರ್ಡಿಗೆ ಪಿಸಿಐಇ 4.0 ಇರಲಿ, 5.0 ಇರಲಿ, ಆಟದಲ್ಲಿ ಗುರುತಿಸುವಂಥ ವ್ಯತ್ಯಾಸವಿಲ್ಲ. 5.0 ಸ್ಲಾಟಿಗಾಗಿಯೇ ಬಿ650ಇಗೆ ಹೆಚ್ಚು ಕೊಡುವುದನ್ನು ಹಾಗಾಗಿ ಶಿಫಾರಸು ಮಾಡುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ

ರೈಜನ್ 5 7600, 8 ಲೇನ್‌ನ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್‌ಗೆ 1 ಟೆರಾಬೈಟ್ ಎಸ್‌ಎಸ್‌ಡಿ, ಆಟಕ್ಕೆ ಇನ್ನೊಂದು ಎಸ್‌ಎಸ್‌ಡಿ, ಮನೆಯ ಫೋಟೊಗಳಿರುವ ಹಳೇ ಸಾಟಾ ಹಾರ್ಡ್ ಡಿಸ್ಕ್, ವೈಫೈ. ಗ್ರಾಫಿಕ್ಸ್ ಮತ್ತು ಮೊದಲ ಎಸ್‌ಎಸ್‌ಡಿ ಪ್ರೊಸೆಸರ್ ಲೇನ್‌ಗಳಲ್ಲಿ ಕೂತವು. ಎರಡನೇ ಎಸ್‌ಎಸ್‌ಡಿ ಉಳಿದ 4 ಪ್ರೊಸೆಸರ್ ಲೇನ್‌ಗೋ ಚಿಪ್‌ಸೆಟ್‌ಗೋ. ಹಾರ್ಡ್ ಡಿಸ್ಕ್, ವೈಫೈ, ನೆಟ್‌ವರ್ಕ್ ಚಿಪ್‌ಸೆಟ್ ಕಡೆ. ಪ್ರೊಸೆಸರ್‌ಗೆ 88 ವ್ಯಾಟ್. ಇದಕ್ಕೆ ಎರಡು ಎಂ.2, ನಾಲ್ಕು ರ‍್ಯಾಮ್ ಸ್ಲಾಟ್, ಹೀಟ್‌ಸಿಂಕ್ ಇರುವ ಮೈಕ್ರೋ-ಎಟಿಎಕ್ಸ್ ಬಿ650 ಧಾರಾಳವಾಯಿತು. ಎಕ್ಸ್870ಗೆ ಕೊಡಬೇಕಿದ್ದ ವ್ಯತ್ಯಾಸದ ಹಣ ಗ್ರಾಫಿಕ್ಸ್ ಕಾರ್ಡಿಗೋ ಒಳ್ಳೆಯ ಪವರ್ ಸಪ್ಲೈಗೋ ಹೋಗಲಿ. ಅದೇ ಹಣ ಅಲ್ಲಿ ಕಣ್ಣಿಗೆ ಕಾಣುವ ಕೆಲಸ ಮಾಡುತ್ತದೆ.

ನಾಲ್ಕು ರ‍್ಯಾಮ್ ಸ್ಲಾಟ್ ಇದೆಯೆಂದು ನಾಲ್ಕನ್ನೂ ತುಂಬಬೇಡಿ. ಎಎಂ5ರಲ್ಲಿ ಎರಡು ಕಡ್ಡಿಗೆ ಅಧಿಕೃತ ವೇಗ 5200 ಅಥವಾ 5600, ನಾಲ್ಕು ಹಾಕಿದರೆ 3600. 32 ಗಿಗಾಬೈಟ್ ಬೇಕಾದರೆ 16ರ ಎರಡು, 64 ಬೇಕಾದರೆ 32ರ ಎರಡು. ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. 6000 ವೇಗದ ಸಿಎಲ್30 ಎಕ್ಸ್‌ಪೋ ಜೋಡಿ ಈ ಪ್ರೊಸೆಸರ್‌ಗಳಿಗೆ ಚೆನ್ನಾಗಿ ಹೊಂದುತ್ತದೆ.

ಜೋಡಿಸಿದ ಮೇಲೆ ಮೊದಲ ಬಾರಿ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಆಗ ರ‍್ಯಾಮನ್ನು ಪರೀಕ್ಷಿಸಿ ಸಮಯ ಹೊಂದಿಸಿಕೊಳ್ಳುತ್ತಿರುತ್ತದೆ. ಡಿರ‍್ಯಾಮ್ ಎಂದು ಬರೆದ ಪುಟ್ಟ ಎಲ್‌ಇಡಿ ಉರಿಯುತ್ತಿದ್ದರೆ ಹತ್ತು ನಿಮಿಷವಾದರೂ ಸುಮ್ಮನಿರಿ. ಮಧ್ಯೆ ಪವರ್ ತೆಗೆದರೆ ಅದು ಮತ್ತೆ ಮೊದಲಿನಿಂದ ಶುರು. ಈ ಡಿಬಗ್ ಎಲ್‌ಇಡಿಗಳಿರುವ ಬೋರ್ಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬೋರ್ಡ್ ಹಳೆಯದು, ಪ್ರೊಸೆಸರ್ ಹೊಸದು

ಬಿ650 ಬಂದದ್ದು 2022ರಲ್ಲಿ, ರೈಜನ್ 9000 ಬಂದದ್ದು 2024ರ ಆಗಸ್ಟ್‌ನಲ್ಲಿ. ಗೋದಾಮಿನಲ್ಲಿ ಉಳಿದಿದ್ದ ಬೋರ್ಡಿನ ಬಯಾಸ್‌ಗೆ ಹೊಸ ಪ್ರೊಸೆಸರ್‌ನ ಪರಿಚಯವಿರುವುದಿಲ್ಲ. ಫ್ಯಾನ್ ತಿರುಗುತ್ತದೆ, ಸಿಪಿಯು ಎಲ್‌ಇಡಿ ಉರಿಯುತ್ತದೆ, ಪರದೆಗೆ ಏನೂ ಬರುವುದಿಲ್ಲ. ತಯಾರಕರ ಜಾಲತಾಣದಲ್ಲಿ ಪ್ರೊಸೆಸರ್ ಬೆಂಬಲದ ಪಟ್ಟಿ ಇರುತ್ತದೆ, ಪ್ರತಿ ಹೆಸರಿನ ಮುಂದೆ ಯಾವ ಬಯಾಸ್ ಆವೃತ್ತಿಯಿಂದ ಅಂತ ಬರೆದಿರುತ್ತದೆ. ಇದಕ್ಕಾಗಿ, ಕಂಪ್ಯೂಟರ್ ಆನ್ ಮಾಡದೆಯೇ ಪೆನ್‌ಡ್ರೈವಿನಿಂದ ಬಯಾಸ್ ಬದಲಾಯಿಸುವ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ಹುಡುಕಿ.

ಮಾಡುವ ಕ್ರಮ ಇಷ್ಟು. ಪೆನ್‌ಡ್ರೈವನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ. ಬಯಾಸ್ ಫೈಲ್ ಇಳಿಸಿ, ಜಿಪ್ ಬಿಚ್ಚಿ, ಮ್ಯಾನುಯಲ್‌ನಲ್ಲಿ ಹೇಳಿದ ಹೆಸರಿಗೆ ಬದಲಾಯಿಸಿ. ವಿಂಡೋಸ್ ಫೈಲಿನ ಬಾಲವನ್ನು ಅಡಗಿಸಿಟ್ಟಿದ್ದರೆ ಹೆಸರು ತಪ್ಪಾಗುತ್ತದೆ, ಆದ್ದರಿಂದ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆ ಹಾಕಿಕೊಳ್ಳಿ. ಫೈಲ್ ಯಾವ ಫೋಲ್ಡರಿನ ಒಳಗೂ ಇರಬಾರದು. ಬೋರ್ಡಿಗೆ 24 ಪಿನ್ ಮತ್ತು 8 ಪಿನ್ ಪವರ್ ಕೇಬಲ್ ಕೊಡಿ, ಪವರ್ ಸಪ್ಲೈ ಸ್ವಿಚ್ ಹಾಕಿ, ಆದರೆ ಕಂಪ್ಯೂಟರ್ ಆನ್ ಮಾಡಬೇಡಿ. ಹಿಂಬದಿಯಲ್ಲಿ ಗುರುತು ಹಾಕಿದ ಯುಎಸ್‌ಬಿ ಪೋರ್ಟಿಗೇ ಪೆನ್‌ಡ್ರೈವ್ ಸಿಕ್ಕಿಸಿ, ಬಟನ್ನನ್ನು ಮೂರು ಸೆಕೆಂಡ್ ಒತ್ತಿ. ಎಲ್‌ಇಡಿ ಮಿನುಗಲು ಶುರುವಾಗುತ್ತದೆ. ಮಿನುಗುವುದು ನಿಂತರೆ ಮುಗಿಯಿತು, ಐದರಿಂದ ಹತ್ತು ನಿಮಿಷ ಹಿಡಿಯಬಹುದು. ಕೆಲವೇ ಸೆಕೆಂಡಿಗೆ ಆರಿದರೆ ಅಥವಾ ಮಿನುಗದೆ ಒಂದೇ ಸಮ ಉರಿದರೆ, ಬಹುತೇಕ ಫೈಲ್ ಹೆಸರೋ ಫಾರ್ಮ್ಯಾಟೋ ತಪ್ಪಾಗಿದೆ. ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಈ ಕೆಲಸವನ್ನು ಯುಪಿಎಸ್ ಮೇಲೆಯೇ ಮಾಡಿ.

ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಬೋರ್ಡಿನ ಪೂರ್ತಿ ಹೆಸರನ್ನು ಬಿಲ್ಲಿನಲ್ಲಿ ಬರೆಸಿ. ಹೆಸರಿನ ಕೊನೆಯ ಒಂದೆರಡು ಅಕ್ಷರ ಬದಲಾದರೆ ವೈಫೈ ಇಲ್ಲದ, ಒಂದು ಎಂ.2 ಕಡಿಮೆ ಇರುವ, ಡಿಡಿಆರ್4ನ ಬೇರೆಯೇ ಬೋರ್ಡ್ ಬಂದಿರುತ್ತದೆ. ಸೀರಿಯಲ್ ನಂಬರ್ ಬಿಲ್ಲಿನಲ್ಲಿ, ಡಬ್ಬದ ಮೇಲೆ, ಬೋರ್ಡಿನ ಮೇಲೆ ಮೂರೂ ಕಡೆ ಒಂದೇ ಇರಬೇಕು. ಎಎಂ5 ಮತ್ತು ಇಂಟೆಲ್ ಎರಡರಲ್ಲೂ ಪಿನ್‌ಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಪ್ಲಾಸ್ಟಿಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಪಿನ್‌ಗಳು ಒಂದೇ ಸಮನಾದ ಹೊಳಪಿನಲ್ಲಿ ಕಾಣುತ್ತವೆ. ಒಂದು ಬಗ್ಗಿದ್ದರೂ ಆ ಜಾಗದಲ್ಲಿ ಹೊಳಪು ಕದಡುತ್ತದೆ. ಅಂಗಡಿಯವರ ಎದುರಿಗೇ ಇದನ್ನು ನೋಡಿ, ಆನ್‌ಲೈನ್ ಆದರೆ ಡಬ್ಬ ತೆರೆಯುವುದರಿಂದ ಹಿಡಿದು ವಿಡಿಯೊ ಮಾಡಿ. ಬಗ್ಗಿದ ಪಿನ್‌ಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಆ ಮುಚ್ಚಳವನ್ನು ಎಸೆಯಬೇಡಿ, ಡಬ್ಬದಲ್ಲೇ ಇಡಿ. ಮುಂದೆ ಬೋರ್ಡನ್ನು ಸರ್ವಿಸ್‌ಗೆ ಕಳಿಸುವಾಗ ಸಾಕೆಟ್ಟಿಗೆ ಅದನ್ನು ಹಾಕಿಯೇ ಕಳಿಸಬೇಕಾಗುತ್ತದೆ.